ಗುಟ್ಟಿನ ಮತ, ಸಮನಾದ ಮತ

ವಡೋದರ ನಗರದ ಉತ್ತರ ಭಾಗದಲ್ಲಿರುವ ಫತೇಗಂಜ್ ವಿದ್ಯಾರ್ಥಿಗಳ ವಸತಿಗೆ ಹೆಸರಾದ ಬಡಾವಣೆ. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಓದಲೆಂದು ನಾನಾ ಪ್ರಾಂತಗಳಿಂದ ಬಂದ ತರುಣ ತರುಣಿಯರು ಅಲ್ಲಿಯ ಮನೆಗಳ ಮಹಡಿಗಳಲ್ಲಿಯೂ ಸೊಸೈಟಿಗಳ ಫ್ಲ್ಯಾಟುಗಳಲ್ಲಿಯೂ ಬಾಡಿಗೆಗೆ ಇರುವುದುಂಟು. ಸಂಜೆಯಾಯಿತೆಂದರೆ ತಿಂಡಿಯ ಗಾಡಿಗಳ ಸುತ್ತ ಅವರದೇ ಕಲರವ. ಇಂತಹ ಬಡಾವಣೆಯಲ್ಲಿ ನಲವತ್ತು ಮನೆಗಳ ಒಂದು ಸೊಸೈಟಿಯನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕೆಂದು ಬೇಡುತ್ತೇನೆ. ಅವಿವಾಹಿತ ವಿದ್ಯಾರ್ಥಿಗಳಿಗೆ ಮನೆಯನ್ನು ಬಾಡಿಗೆಗೆ ಕೊಡಬಹುದೆ, ಕೂಡದೆ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಸಭೆ ಸೇರಿಸುವ ತೊಂದರೆ ಏತಕ್ಕೆಂದು ಅಧ್ಯಕ್ಷರು ವಾಟ್ಸಾಪ್ ಗುಂಪಿನಲ್ಲಿ ಒಂದು ಪೋಲ್ ಹಾಕುತ್ತಾರೆ. ನೆರೆಹೊರೆಯವರೆಲ್ಲ ‘ಮಾಸಿ’ ಎಂದು ಕರೆಯುವ ಒಬ್ಬ ವೃದ್ಧೆ, ಗಂಡನನ್ನು ಕಳೆದುಕೊಂಡು, ಎರಡನೆಯ ಕೋಣೆಯ ಬಾಡಿಗೆಯಿಂದಲೇ ಔಷಧದ ಖರ್ಚನ್ನು ತೂಗಿಸುತ್ತಿರುವಾಕೆ, ‘ಕೊಡಬಹುದು’ ಎಂಬುದರ ಮೇಲೆ ಬೆರಳಿಡಲು ಹೋಗಿ ತಡೆಯುತ್ತಾಳೆ. ಏಕೆಂದರೆ ಪ್ರತಿಯೊಂದು ಉತ್ತರದ ಎದುರಿಗೂ ಅದನ್ನು ಒತ್ತಿದವರ ಹೆಸರು ಕಾಣುತ್ತಿದೆ, ‘ಕೂಡದು’ ಎಂಬುದರ ಎದುರಿಗೆ ಅಧ್ಯಕ್ಷರ ಹೆಸರೂ, ರಾತ್ರಿ ಹೊತ್ತು ಕಾಯಿಲೆಯಾದರೆ ಕಾರು ತೆಗೆದು ಆಸ್ಪತ್ರೆಗೆ ಒಯ್ಯುವ ಪಕ್ಕದ ಮನೆಯವರ ಹೆಸರೂ ಅದಾಗಲೇ ಇವೆ. ಆಕೆ ‘ಕೂಡದು’ ಎಂಬುದನ್ನೇ ಒತ್ತುತ್ತಾಳೆ. ನಿರ್ಣಯ ಬಹುಮತದಿಂದ ಅಂಗೀಕೃತವಾಗುತ್ತದೆ.

ಈ ಪ್ರಸಂಗದಲ್ಲಿ ಯಾರೂ ಯಾರನ್ನೂ ಗದರಿಸಲಿಲ್ಲ, ಯಾರ ಕೈಗೂ ಹಣ ಹೋಗಲಿಲ್ಲ, ಎಣಿಕೆಯಲ್ಲಿ ಒಂದು ಮತವೂ ಹೆಚ್ಚು ಕಡಿಮೆಯಾಗಲಿಲ್ಲ. ಆದರೂ ಎಣಿಸಲ್ಪಟ್ಟದ್ದು ಆಕೆಯ ಅಭಿಪ್ರಾಯವಲ್ಲ, ಆಕೆಯ ಭಯ. ಮತದಾನವೆಂಬುದು ಜನರ ಮನಸ್ಸನ್ನು ಅಳೆಯುವ ಒಂದು ತಕ್ಕಡಿಯಾದರೆ, ನೋಡುವವರ ಕಣ್ಣಿನ ಭಾರವೇ ಆ ತಕ್ಕಡಿಯನ್ನು ಒಂದು ಕಡೆಗೆ ಇಳಿಸಿತು. ನಲವತ್ತು ಮನೆಗಳಲ್ಲಿ ಹೀಗಾಗುವುದಾದರೆ, ಒಬ್ಬರನ್ನೊಬ್ಬರು ಎಂದೂ ಕಾಣದ ಸಾವಿರಾರು ಮಂದಿ ಅಂತರ್ಜಾಲದಲ್ಲಿಯೇ ಸಂಘ ಕಟ್ಟಿಕೊಂಡು ಕೋಟ್ಯಂತರ ರೂಪಾಯಿಗಳ ನಿಧಿಯನ್ನು ಮತದಿಂದಲೇ ಆಳಲು ಹೊರಟಿರುವ ಈ ಕಾಲದಲ್ಲಿ ಅದರ ಪರಿಣಾಮ ಎಷ್ಟು ದೂರ ಹೋದೀತೆಂಬುದನ್ನು ಇಂದು ಸ್ವಲ್ಪ ಸಾವಧಾನವಾಗಿ ವಿಚಾರಿಸಬೇಕೆಂದಿದ್ದೇನೆ.

ವಿಕೇಂದ್ರೀಕೃತ ಸ್ವಾಯತ್ತ ಸಂಸ್ಥೆಗಳೆಂದು, ಸಂಕ್ಷೇಪದಲ್ಲಿ ‘ಡಾವೊ’ ಎಂದು ಕರೆಯಲ್ಪಡುವ ಈ ಸಂಘಗಳಿಗೆ ಕಚೇರಿಯಿಲ್ಲ, ಕಾರ್ಯದರ್ಶಿಯಿಲ್ಲ, ಬೀರುವಿನಲ್ಲಿಟ್ಟ ನಡವಳಿ ಪುಸ್ತಕವಿಲ್ಲ. ಸಂಘದ ನಿಯಮಗಳು ಗಣಕದ ಆದೇಶಗಳ ರೂಪದಲ್ಲಿ ಬರೆಯಲ್ಪಟ್ಟಿರುತ್ತವೆ. ಲೆಕ್ಕಪತ್ರವು ಬ್ಲಾಕ್‌ಚೈನ್ ಎಂಬ, ಸಾವಿರಾರು ಗಣಕಗಳಲ್ಲಿ ಏಕಕಾಲಕ್ಕೆ ನಕಲಾಗಿ ಉಳಿಯುವ, ಒಮ್ಮೆ ಬರೆದುದನ್ನು ಅಳಿಸಲಾಗದ ಖಾತೆಯಲ್ಲಿರುತ್ತದೆ. ಸದಸ್ಯತ್ವಕ್ಕೆ ಗುರುತೆಂದರೆ ಟೋಕನ್ ಎಂಬ ನಾಣ್ಯರೂಪದ ಹಕ್ಕು. ಯಾರಾದರೂ ಒಂದು ಸಲಹೆಯನ್ನು ಮುಂದಿಡುತ್ತಾರೆ, ಟೋಕನ್ ಉಳ್ಳವರು ಮತ ನೀಡುತ್ತಾರೆ, ಬಹುಮತ ಬಂದರೆ ಹಣ ತಾನಾಗಿಯೇ ಖಜಾನೆಯಿಂದ ಹೊರಡುತ್ತದೆ. 2016ರಲ್ಲಿ ಇಥೀರಿಯಮ್ ಎಂಬ ಬ್ಲಾಕ್‌ಚೈನಿನ ಮೇಲೆ ಸ್ಥಾಪಿತವಾದ ಇಂತಹ ಒಂದು ಸಂಸ್ಥೆ ಕೆಲವೇ ವಾರಗಳಲ್ಲಿ ಸುಮಾರು 15 ಕೋಟಿ ಡಾಲರುಗಳ ಬಂಡವಾಳವನ್ನು ಕೂಡಿಸಿ ಜಗತ್ತನ್ನೇ ಬೆರಗುಗೊಳಿಸಿತು. ಅದೇ ವರ್ಷದ ಜೂನ್ 17ರಂದು, ನಿಯಮಗಳನ್ನು ಬರೆದ ಆದೇಶಗಳಲ್ಲಿದ್ದ ಒಂದು ದೋಷವನ್ನು ಹಿಡಿದು, ಯಾರೋ ಅದರಿಂದ ಈಥರ್ ಎಂಬ 36 ಲಕ್ಷ ನಾಣ್ಯಗಳನ್ನು ಹೊರಗೆ ಸಾಗಿಸಿದರು. ಆ ಸಂಸ್ಥೆ ಮುಳುಗಿತು, ಕಲ್ಪನೆ ಮುಳುಗಲಿಲ್ಲ. ಇಂದು ಅಂತಹ ಸಂಸ್ಥೆಗಳು ಅನೇಕ ಇವೆ.

ಇವುಗಳ ಮತದಾನದಲ್ಲಿ ಒಂದು ವಿಶೇಷವಿದೆ. ಖಾತೆ ಎಲ್ಲರಿಗೂ ತೆರೆದಿರುವುದರಿಂದ, ಟೋಕನ್‌ಗಳನ್ನಿಡುವ ಯಾವ ವಾಲೆಟ್ಟಿನಿಂದ ಯಾವ ಸಲಹೆಗೆ ಯಾವ ಮತ ಬಿತ್ತೆಂಬುದು ಇಂದಿಗೂ ಕಾಣುತ್ತದೆ, ಇನ್ನು ಐವತ್ತು ವರ್ಷಗಳ ಮೇಲೂ ಕಾಣುತ್ತದೆ. ವಾಲೆಟ್ಟಿನ ಮೇಲೆ ಹೆಸರಿಲ್ಲ, ಅಕ್ಷರ ಅಂಕೆಗಳ ಒಂದು ಸಾಲು ಮಾತ್ರ ಇದೆ, ಆದಕಾರಣ ಗೋಪ್ಯಕ್ಕೆ ಭಂಗವಿಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಸಮಾಧಾನ ನಿಲ್ಲತಕ್ಕದ್ದಲ್ಲ. ಕಾವ್ಯನಾಮದಿಂದ ಬರೆಯುವ ಲೇಖಕನ ನಿಜನಾಮ ಒಂದು ಸಲ ತಿಳಿದರೆ ಅದುವರೆಗೆ ಅವನು ಬರೆದುದೆಲ್ಲ ಅವನದೆಂದು ಗೊತ್ತಾಗುವಂತೆ, ಆ ಸಾಲಿನ ಹಿಂದಿರುವ ಮನುಷ್ಯನು ಯಾರಿಗೋ ಹಣ ಕಳುಹಿಸಿಯೋ, ವಿನಿಮಯ ಕೇಂದ್ರವೊಂದರಲ್ಲಿ ಗುರುತು ಪತ್ರ ತೋರಿಸಿಯೋ ಒಂದು ಸಲ ಪ್ರಕಟವಾದನೆಂದರೆ, ಅವನು ಹಿಂದೆ ನೀಡಿದ ಮತಗಳೆಲ್ಲವೂ ಒಮ್ಮೆಗೇ ಬಯಲಾಗುತ್ತವೆ. ಮತ ಮುಗಿಯುವ ತನಕ ಮಾತ್ರ ಆಯ್ಕೆಯನ್ನು ಮುಚ್ಚಿಟ್ಟು ಆಮೇಲೆ ತೆರೆಯುವ ಏರ್ಪಾಟು ಕೆಲವು ಕಡೆ ಬಂದಿದೆ. ಅದು ಗುಂಪಿನ ಹಿಂದೆ ಓಡುವ ಚಾಪಲ್ಯವನ್ನು ತಡೆದೀತು, ನಾಳೆಯ ಭಯವನ್ನು ತಡೆಯಲಾರದು.

ಗೂಢಮತದ ಅಗತ್ಯವನ್ನು ನಮ್ಮ ಹಿರಿಯರು ಬಹು ಪೂರ್ವದಲ್ಲಿಯೇ ಕಂಡುಕೊಂಡಿದ್ದರು. ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ, ಭಿಕ್ಷುಸಂಘದೊಳಗೆ ವಿವಾದವೆದ್ದಾಗ ಶಲಾಕೆಗಳೆಂಬ ಕಡ್ಡಿಗಳನ್ನು ಹಿಡಿಸಿ ಬಹುಮತವನ್ನು ತಿಳಿಯುವ ಕ್ರಮ ವಿಧಿಸಲ್ಪಟ್ಟಿದೆ. ಅದರಲ್ಲಿ ಮೂರು ಬಗೆ: ಗೂಢವಾಗಿ ತೆಗೆದುಕೊಳ್ಳುವುದು, ಕಿವಿಯಲ್ಲಿ ಪಿಸುನುಡಿದು ತಿಳಿಸಿ ತೆಗೆದುಕೊಳ್ಳಿಸುವುದು, ಎಲ್ಲರೆದುರಿಗೆ ಪ್ರಕಟವಾಗಿ ತೆಗೆದುಕೊಳ್ಳುವುದು. ಗೂಢಕ್ರಮದಲ್ಲಿ ಬೇರೆ ಬೇರೆ ಬಣ್ಣದ ಕಡ್ಡಿಗಳನ್ನು ಮಾಡಿ, ಒಬ್ಬೊಬ್ಬ ಭಿಕ್ಷುವಿನ ಬಳಿಗೂ ಹೋಗಿ, ಯಾವ ಬಣ್ಣ ಯಾವ ಪಕ್ಷದ್ದೆಂದು ಹೇಳಿ, ಇಷ್ಟವಾದುದನ್ನು ತೆಗೆದುಕೊಂಡ ಮೇಲೆ ಅದನ್ನು ಯಾರಿಗೂ ತೋರಿಸಬಾರದೆಂದು ಎಚ್ಚರಿಸಬೇಕು. ಕಡ್ಡಿ ಹಿಡಿಸುವವನು ಪಕ್ಷಪಾತ, ದ್ವೇಷ, ಮೋಹ, ಭಯಗಳೆಂಬ ನಾಲ್ಕು ದೋಷಗಳಿಂದ ದೂರನಾಗಿರಬೇಕು. ಯಾವುದು ತೆಗೆದುಕೊಂಡದ್ದು, ಯಾವುದು ತೆಗೆದುಕೊಳ್ಳದೆ ಉಳಿದದ್ದು ಎಂಬುದನ್ನು ಬಲ್ಲವನಾಗಿರಬೇಕು. ಗುಜರಾತಿನ ಶಾಮಲಾಜಿಯ ಬಳಿಯ ದೇವ್ನಿ ಮೋರಿಯಲ್ಲಿ ಸಯಾಜಿರಾವ್ ವಿಶ್ವವಿದ್ಯಾನಿಲಯದವರು 1960ರಿಂದ ಕೆಲವು ವರ್ಷ ಉತ್ಖನನ ನಡೆಸಿ ಹೊರತೆಗೆದ ಬೌದ್ಧಸ್ತೂಪದ ಧಾತುಕರಂಡಕ ವಡೋದರದಲ್ಲಿ ಅದೇ ವಿಶ್ವವಿದ್ಯಾನಿಲಯದ ರಕ್ಷಣೆಯಲ್ಲಿದೆ. ವಿನಯದ ಆ ನಿಯಮಗಳನ್ನು ಹೊತ್ತ ಸಂಘ ಒಂದು ಕಾಲದಲ್ಲಿ ಈ ನೆಲದಲ್ಲಿಯೂ ನೆಲೆಸಿತ್ತೆಂಬುದಕ್ಕೆ ಅದು ಸಾಕ್ಷಿ. ಗೋಪ್ಯ ಬೇಕು; ಗೋಪ್ಯವನ್ನು ಕಾಯುವವನಲ್ಲಿ ಗುಣವೂ ಬೇಕು. ಈ ಎರಡನೆಯ ಮಾತಿಗೆ ಮುಂದೆ ಮತ್ತೆ ಬರಬೇಕಾಗಿದೆ.

ಆಧುನಿಕ ರಾಜ್ಯಗಳಲ್ಲಿ ಸರ್ಕಾರವೇ ಅಚ್ಚುಹಾಕಿಸಿದ ಏಕರೂಪದ ಚೀಟಿಯಲ್ಲಿ ಗುಪ್ತವಾಗಿ ಮತ ನೀಡುವ ಪದ್ಧತಿ 1856ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ಪ್ರಾಂತಗಳಲ್ಲಿ ನೆಲೆಗೊಂಡು, 1872ರಲ್ಲಿ ಇಂಗ್ಲೆಂಡಿಗೆ ಬಂದಿತು. ಅದಕ್ಕೆ ವಿರೋಧವಿರಲಿಲ್ಲವೆಂದಲ್ಲ. ಜಾನ್ ಸ್ಟುವರ್ಟ್ ಮಿಲ್‌ನಂತಹ ಸ್ವಾತಂತ್ರ್ಯಪ್ರಿಯನೇ, ಮತವು ಸ್ವಂತದ ಆಸ್ತಿಯಲ್ಲ, ಸಮಾಜವು ಒಪ್ಪಿಸಿದ ನ್ಯಾಸ, ಆದುದರಿಂದ ಅದನ್ನು ಸಮಾಜದ ಕಣ್ಣೆದುರಿಗೆ ಚಲಾಯಿಸುವುದು ಯುಕ್ತವೆಂದು 1861ರಲ್ಲಿ ವಾದಿಸಿದನು. ಪ್ರಾಮಾಣಿಕನಾದವನಿಗೆ ಮರೆಯೇತಕ್ಕೆ ಎಂದು ಇಂದು ಕೇಳುವವರೂ ಅವನ ಮಾತನ್ನೇ ಬೇರೆ ಉಡುಪಿನಲ್ಲಿ ಹೇಳುತ್ತಾರೆ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಫತೇಗಂಜಿನಿಂದ ಬಹು ದೂರ ಹೋಗಬೇಕಾಗಿಲ್ಲ. ಸಮೀಪದಲ್ಲಿಯೇ ಕಮಾಟಿ ಬಾಗ್ ಎಂಬ ಉದ್ಯಾನವಿದೆ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋಗಿ ಓದಿ ಬಂದ ಭೀಮರಾವ್ ಅಂಬೇಡ್ಕರರು 1917ರಲ್ಲಿ ಅದೇ ಸಂಸ್ಥಾನದ ಸೇವೆಗೆ ಸೇರಲು ಬಂದಾಗ, ಊರಿನಲ್ಲಿ ಅವರಿಗೆ ಮನೆ ಕೊಡುವವರಿಲ್ಲದೆ, ಪಾರ್ಸಿಗಳ ತಂಗುದಾಣವೊಂದರಲ್ಲಿ ಪಾರ್ಸಿ ಹೆಸರನ್ನು ಬರೆಯಿಸಿ ಇರಬೇಕಾಯಿತು. ಕೆಲವು ದಿನಗಳಲ್ಲಿ ಗುಟ್ಟು ಹೊರಬಿದ್ದಿತು. ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಹಾಕಿತು. ರಾತ್ರಿ ಮುಂಬಯಿಯ ರೈಲು ಹೊರಡುವ ತನಕ ಕಾಲ ಕಳೆಯಲು ಅವರಿಗೆ ಸಿಕ್ಕಿದ ಆಶ್ರಯವೆಂದರೆ ಆ ಉದ್ಯಾನದ ಮರದ ನೆರಳು. ಕೊಲಂಬಿಯ ವಿಶ್ವವಿದ್ಯಾನಿಲಯದ ಪದವೀಧರನಾದ, ಯಾವ ತಪ್ಪನ್ನೂ ಮಾಡದ ಆ ತರುಣನಿಗೆ ಹೆಸರನ್ನು ಮರೆಸಬೇಕಾಗಿ ಬಂದದ್ದು ಅಪ್ರಾಮಾಣಿಕತೆಯಿಂದಲ್ಲ. ನಿಜವಾದ ಹೆಸರಿಗೆ ಆ ಊರಿನಲ್ಲಿ ಕೋಲಿನ ಪೆಟ್ಟು ಕಾದಿದ್ದುದರಿಂದ. ಮರೆ ಬೇಕಾಗುವುದು ದುರ್ಬಲನಿಗೆ. ಬಲಿಷ್ಠನು ತನ್ನ ಮತವನ್ನು ಬೀದಿಯಲ್ಲಿ ಕೂಗಿ ಹೇಳಿದರೂ ಅವನ ಕೂದಲು ಕೊಂಕುವುದಿಲ್ಲ. ಅದರಿಂದಲೇ ಅವನಿಗೆ ಮರೆಯ ಬೆಲೆ ತಿಳಿಯುವುದಿಲ್ಲ.

ನಮ್ಮ ಶಾಸನಕರ್ತರು ಇದನ್ನು ತಿಳಿದೇ ನಡೆದಿದ್ದಾರೆ. 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 94ನೆಯ ಪ್ರಕರಣದಂತೆ, ನೀನು ಯಾರಿಗೆ ಮತ ಕೊಟ್ಟೆ ಎಂದು ಯಾರನ್ನೂ ಬಲವಂತದಿಂದ ಹೇಳಿಸುವಂತಿಲ್ಲ. 128ನೆಯ ಪ್ರಕರಣವು ಗೋಪ್ಯವನ್ನು ಕಾಯಬೇಕಾದ ಅಧಿಕಾರಿ ಅದನ್ನು ಮುರಿದರೆ ಶಿಕ್ಷೆ ವಿಧಿಸುತ್ತದೆ. ಯಾರಿಗೂ ಮತ ಕೊಡಲೊಲ್ಲೆನೆನ್ನುವವನು ಮೊದಲು ಮತಗಟ್ಟೆಯ ಅಧಿಕಾರಿಯ ಎದುರಿಗೆ ಹಾಗೆಂದು ಬರೆಯಿಸಬೇಕಾಗಿತ್ತು. ಹೀಗೆ ಬರೆಯಿಸುವುದೇ ಅವನ ಗುಟ್ಟನ್ನು ಬಯಲಿಗಿಟ್ಟಂತೆ ಎಂದು 2013ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದರಿಂದ ‘ನೋಟಾ’ ಗುಂಡಿ ಮತಯಂತ್ರದಲ್ಲಿ ಬಂದಿತು. 2017ರ ಆಗಸ್ಟ್ 24ರಂದು ಅದೇ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕ ಸಂಗತಿ.

ಹಾಗಾದರೆ ಪ್ರಕಟ ಮತಕ್ಕೆ ಸ್ಥಾನವೇ ಇಲ್ಲವೆ? ಇದೆ. 2003ರಲ್ಲಿ ಆದ ತಿದ್ದುಪಡಿಯಂತೆ ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕನು ಗುರುತು ಮಾಡಿದ ಚೀಟಿಯನ್ನು ತನ್ನ ಪಕ್ಷದ ಅಧಿಕೃತ ಪ್ರತಿನಿಧಿಗೆ ತೋರಿಸಬೇಕು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ನಿಯಮವನ್ನು ಎತ್ತಿಹಿಡಿಯಿತು. 2017ರ ಜುಲೈ ಕೊನೆಗೆ, ಇಂತಹದೊಂದು ಚುನಾವಣೆಯ ಮುನ್ನ, ಗುಜರಾತಿನ ನಲವತ್ತಕ್ಕೂ ಹೆಚ್ಚು ಕಾಂಗ್ರೆಸ್ ಶಾಸಕರನ್ನು ಬೆಂಗಳೂರಿನ ಸಮೀಪದ ಬಿಡದಿಯ ವಿಹಾರಧಾಮಕ್ಕೆ ಕರೆತಂದು ಇರಿಸಿದ್ದನ್ನು ನಮ್ಮ ಓದುಗರು ಮರೆತಿರಲಾರರು. ಆಗಸ್ಟ್ 8ರಂದು ಗಾಂಧಿನಗರದಲ್ಲಿ ಮತದಾನವಾದಾಗ ಆ ಪಕ್ಷದ ಇಬ್ಬರು ಶಾಸಕರು ಚೀಟಿಯನ್ನು ಅಧಿಕೃತರಲ್ಲದವರಿಗೂ ತೋರಿಸಿದರೆಂಬ ಆಕ್ಷೇಪ ಬಂದು, ಚುನಾವಣಾ ಆಯೋಗ ನಡುರಾತ್ರಿಯ ಹೊತ್ತಿಗೆ ಆ ಎರಡು ಮತಗಳನ್ನು ಅಸಿಂಧುಗೊಳಿಸಿತು. ಫಲಿತಾಂಶ ಅದರ ಮೇಲೆಯೇ ನಿಂತಿತು. ಇಲ್ಲಿ ಎರಡು ಪಾಠಗಳಿವೆ. ಪರರ ಪರವಾಗಿ ಮತ ನೀಡುವ ಪ್ರತಿನಿಧಿ ತನ್ನನ್ನು ಕಳುಹಿಸಿದವರಿಗೆ ಲೆಕ್ಕ ಒಪ್ಪಿಸಬೇಕಾದವನು, ಅವನ ಮತ ಮುಚ್ಚಿಡಲು ಅವನ ಸ್ವತ್ತಲ್ಲ ಎಂಬುದು ಮೊದಲನೆಯದು. ಹಾಗೆ ತೋರಿಸುವುದಕ್ಕೂ ಯಾರಿಗೆ ಎಂಬ ಮಿತಿಯುಂಟು ಎಂಬುದು ಎರಡನೆಯದು. ಮಿಲ್ಲನ ನ್ಯಾಸವಾದ ಪ್ರತಿನಿಧಿಗೆ ಸರಿಯಾಗಿ ಒಪ್ಪುತ್ತದೆ, ಪ್ರಜೆಗೆ ಒಪ್ಪುವುದಿಲ್ಲ. ಡಾವೊಗಳಲ್ಲಿಯೂ ಹಲವರ ಟೋಕನ್‌ಗಳ ಅಧಿಕಾರವನ್ನು ವಹಿಸಿಕೊಂಡು ಮತ ನೀಡುವ ನಿಯೋಜಿತರಿರುತ್ತಾರೆ. ಅವರ ಮತ ಪ್ರಕಟವಾಗಿರಲಿ, ಅವರಿಗೆ ಅಧಿಕಾರ ವಹಿಸಿದ ಸಾಮಾನ್ಯನ ಮನಸ್ಸು ಗುಪ್ತವಾಗಿರಲಿ.

ಈಗ ಮತದ ಗುಟ್ಟು ಎಲ್ಲಿ ಅಡಗಿರುತ್ತದೆಂಬುದನ್ನು ವಿಚಾರಿಸೋಣ. ಗುಜರಾತಿನ ಗಿರ್ ಅರಣ್ಯದೊಳಗಿನ ಬಾಣೇಜ್ ಎಂಬಲ್ಲಿ ದೇವಾಲಯವೊಂದನ್ನು ನೋಡಿಕೊಂಡಿದ್ದ ಒಬ್ಬರೇ ಒಬ್ಬ ಮಹಂತರಿಗಾಗಿ ಚುನಾವಣಾ ಆಯೋಗ ಪ್ರತಿ ಚುನಾವಣೆಯಲ್ಲಿಯೂ ಸಿಂಹಗಳ ಕಾಡಿನ ನಡುವೆ ಮತಗಟ್ಟೆಯನ್ನು ಸ್ಥಾಪಿಸುತ್ತಿತ್ತು. ಒಬ್ಬ ಪ್ರಜೆಯ ಹಕ್ಕಿಗಾಗಿ ರಾಜ್ಯವು ಅಷ್ಟು ದೂರ ನಡೆದುಹೋದದ್ದು ಸ್ತುತ್ಯವಾದ ವಿಷಯ. ಆದರೆ ಆ ಮತಗಟ್ಟೆಯ ಯಂತ್ರವನ್ನು ಪ್ರತ್ಯೇಕವಾಗಿ ಎಣಿಸಿದರೆ ಗೋಪ್ಯಕ್ಕೆ ಉಳಿಯುವುದೇನು? ಗುಟ್ಟು ಅಡಗುವುದು ಪೆಟ್ಟಿಗೆಯ ಬೀಗದಲ್ಲಲ್ಲ, ರಾಶಿಯಲ್ಲಿ. ಒಂದು ಕಾಳು ರಾಗಿ ಅಂಗೈಯ ಮೇಲೆ ಬೇರೆಯಾಗಿ ಕಾಣುತ್ತದೆ, ಕಣಜದೊಳಗೆ ಬಿದ್ದರೆ ಹುಡುಕಿದವನಿಗೂ ಸಿಕ್ಕುವುದಿಲ್ಲ. ಮತಗಟ್ಟೆಗೊಂದರಂತೆ ಎಣಿಸುವುದರಿಂದ ಯಾವ ಹಳ್ಳಿ ಯಾರ ಕಡೆಗಿತ್ತೆಂಬುದು ಗೆದ್ದವರಿಗೆ ತಿಳಿದು, ರಸ್ತೆ ನೀರುಗಳ ವಿಷಯದಲ್ಲಿ ಸೇಡು ತೀರಿಸಲು ಅವಕಾಶವಾಗುತ್ತದೆಂದು, ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಎಂಬ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲಿಯೇ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೆಯ ವರದಿಯಲ್ಲಿ ಅದನ್ನು ಬೆಂಬಲಿಸಿತು. ಅದು ಇಂದಿಗೂ ಜಾರಿಗೆ ಬಂದಿಲ್ಲ.

ರಾಶಿಯಲ್ಲಿ ಕಾಳು ಅಡಗಬೇಕಾದರೆ ಇನ್ನೊಂದು ನಿಯಮವಿದೆ: ಕಾಳುಗಳೆಲ್ಲ ಒಂದೇ ಗಾತ್ರದವಾಗಿರಬೇಕು. ರಾಗಿಯ ರಾಶಿಯಲ್ಲಿ ತೆಂಗಿನಕಾಯಿಯನ್ನು ಎಷ್ಟು ಆಳದಲ್ಲಿ ಹೂತರೂ ಕೈಗೆ ಸಿಕ್ಕದೆ ಇರದು. ಡಾವೊಗಳ ಮುಖ್ಯವಾದ ದೋಷ ಇಲ್ಲಿದೆಯೆಂದು ನನ್ನ ದೃಢವಾದ ಅಭಿಪ್ರಾಯ. ಅವುಗಳಲ್ಲಿ ಸಾಮಾನ್ಯವಾಗಿ ಮನುಷ್ಯನಿಗೊಂದು ಮತವಲ್ಲ, ಟೋಕನ್ನಿಗೊಂದು ಮತ. ಒಬ್ಬನಲ್ಲಿ ಹತ್ತು ಟೋಕನ್, ಇನ್ನೊಬ್ಬನಲ್ಲಿ 1,23,457. ಮತಗಳನ್ನು ಎಷ್ಟೇ ಮುಚ್ಚಿ ಕಲಸಿದರೂ 1,23,457ರ ತೂಕದ ಮತವೊಂದು ಹೊರಬಂದೊಡನೆ ಅದು ಯಾರದೆಂದು ಖಾತೆಯೇ ಕೂಗಿ ಹೇಳುತ್ತದೆ. ತೂಕವೇ ಗುರುತಾಗುತ್ತದೆ. ಸಮಾನತೆಯಿಲ್ಲದ ಕಡೆ ಗೋಪ್ಯವೂ ನಿಲ್ಲದು, ಇವೆರಡು ಒಡಹುಟ್ಟುಗಳು. ಮತವನ್ನು ಹಣದಿಂದ ತೂಗಿದರೆ ಆಗುವ ಇನ್ನೊಂದು ಅನರ್ಥಕ್ಕೂ ನಿದರ್ಶನವಿದೆ. 2022ರ ಏಪ್ರಿಲಿನಲ್ಲಿ ಬೀನ್‌ಸ್ಟಾಕ್ ಎಂಬ ಇಂತಹ ವ್ಯವಸ್ಥೆಯೊಂದರಲ್ಲಿ ಒಬ್ಬಾತನು, ಒಂದೇ ವ್ಯವಹಾರದೊಳಗೆ ಪಡೆದು ತೀರಿಸಬಹುದಾದ ಕ್ಷಣಿಕ ಸಾಲವನ್ನೆತ್ತಿ, ಆ ಸಾಲದ ಬಲದಿಂದಲೇ ಮೂರರಲ್ಲೆರಡು ಪಾಲಿಗೂ ಮೀರಿದ ಮತಗಳನ್ನು ಕೈವಶ ಮಾಡಿಕೊಂಡು, ಖಜಾನೆಯನ್ನು ತನಗೆ ಒಪ್ಪಿಸುವ ಸಲಹೆಯನ್ನು ತಾನೇ ಅಂಗೀಕರಿಸಿದನು. ಸಂಸ್ಥೆಗೆ ಆದ ನಷ್ಟ ಸುಮಾರು 18 ಕೋಟಿ ಡಾಲರ್. ನಿಯಮಕ್ಕೆ ಅನುಸಾರವಾಗಿಯೇ ಮತದಾನ ನಡೆದಿತ್ತು. ನಿಯಮವೇ ಮನುಷ್ಯರನ್ನು ಎಣಿಸದೆ ನಾಣ್ಯಗಳನ್ನು ಎಣಿಸುತ್ತಿತ್ತು.

ಒಬ್ಬರನ್ನೊಬ್ಬರು ನಂಬಿ ಹಣ ಕೂಡಿಸಿ ತಾವೇ ಆಳಿಕೊಳ್ಳುವ ಸಂಘ ಈ ದೇಶಕ್ಕೆ ಹೊಸದಲ್ಲ. ಭಾರತದ ಮೊದಮೊದಲಿನ ಸಹಕಾರಿ ಸಂಘಗಳಲ್ಲಿ ಎಣಿಸಲ್ಪಡುವ ಅನ್ಯೋನ್ಯ ಸಹಾಯಕಾರಿ ಮಂಡಳಿ 1889ರಲ್ಲಿ ವಿಠ್ಠಲ ಲಕ್ಷ್ಮಣ ಕವಠೇಕರರ ಮುಂದಾಳುತನದಲ್ಲಿ ಹುಟ್ಟಿದ್ದು ಇದೇ ಬರೋಡದಲ್ಲಿ. ಸಹಕಾರ ಶಾಸನ ಬಂದ ಮೇಲೆ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. ಈ ಚಳವಳಿಯ ಮೂಲಸೂತ್ರ, 1844ರ ರಾಚ್‌ಡೇಲ್ ನೇಕಾರರ ಕಾಲದಿಂದ ಬಂದದ್ದು, ಬಹು ಸರಳವಾದುದು: ಷೇರು ಎಷ್ಟೇ ಇರಲಿ, ಸದಸ್ಯನಿಗೆ ಮತ ಒಂದೇ. ನೂರು ಎಕರೆಯವನೂ ಎರಡು ಎಕರೆಯವನೂ ಪೆಟ್ಟಿಗೆಯ ಮುಂದೆ ನಿಂತಾಗ ಇಬ್ಬರ ಕೈಯಲ್ಲಿಯೂ ಇರುವುದು ಅಷ್ಟೇ ಅಗಲದ ಚೀಟಿ. ಆ ಚೀಟಿಗಳು ಸಮನಾಗಿರುವುದರಿಂದಲೇ ಬೆರೆತುಹೋಗುತ್ತವೆ. ಬೆರೆತುಹೋಗುವುದರಿಂದಲೇ ಎರಡು ಎಕರೆಯವನು ನೂರು ಎಕರೆಯವನಿಗೆ ವಿರುದ್ಧವಾಗಿ ಮತ ಕೊಟ್ಟು, ಮಾರನೆಯ ದಿನ ಅವನ ಹೊಲದಲ್ಲಿಯೇ ಕೂಲಿಗೆ ಹೋಗಬಲ್ಲನು. ರಾಜಕೀಯದಲ್ಲಿ ಒಬ್ಬ ಮನುಷ್ಯ, ಒಂದು ಮತ, ಒಂದೇ ಬೆಲೆ ಎಂಬ ತತ್ತ್ವವನ್ನು ಸಂವಿಧಾನಸಭೆಯ ಕೊನೆಯ ದಿನಗಳಲ್ಲಿ ನೆನಪಿಸಿದವರು, ಕಮಾಟಿ ಬಾಗಿನ ಮರದಡಿಯಲ್ಲಿ ಕುಳಿತಿದ್ದ ಆ ಅಂಬೇಡ್ಕರರೇ.

ಮನುಷ್ಯನಿಗೊಂದು ಮತವೆಂದು ಅಂತರ್ಜಾಲದಲ್ಲಿ ವಿಧಿಸುವುದು ಸುಲಭವಲ್ಲವೆಂಬುದನ್ನು ಒಪ್ಪಬೇಕು. ಒಬ್ಬನೇ ಸಾವಿರ ವಾಲೆಟ್ಟುಗಳನ್ನು ತೆರೆದು ಸಾವಿರ ಮನುಷ್ಯರಂತೆ ನಟಿಸಬಲ್ಲನು. ಅದನ್ನು ತಡೆಯಲು ಗುರುತು ಪತ್ರ ಕೇಳಿದರೆ ಗೋಪ್ಯ ಹೋಗುತ್ತದೆ. ಈ ಇಕ್ಕಟ್ಟಿಗೆ ಗಣಿತಜ್ಞರು ಒಂದು ಹಾದಿಯನ್ನು ಕಂಡುಹಿಡಿದಿದ್ದಾರೆ. ಒಂದು ಸಂಗತಿ ನಿಜವೆಂದು, ಆ ನಿಜವನ್ನು ಬಿಟ್ಟು ಬೇರೇನನ್ನೂ ತಿಳಿಸದೆ, ಸಿದ್ಧಪಡಿಸಿ ತೋರಿಸಬಹುದೆಂದು 1985ರಲ್ಲಿ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ಚಾರ್ಲ್ಸ್ ರ‍್ಯಾಕಾಫ್ ಎಂಬ ಮೂವರು ನಿರೂಪಿಸಿದರು. ಇದಕ್ಕೆ ಶೂನ್ಯಜ್ಞಾನ ಪ್ರಮಾಣವೆಂದು ಹೆಸರು. ದೃಷ್ಟಾಂತಕ್ಕಾಗಿ, ಸಂಘದ ಪಡಸಾಲೆಯಲ್ಲಿ ಪರದೆಯ ಹಿಂದೆ ಒಂದು ಪೆಟ್ಟಿಗೆಯಿದೆಯೆಂದೂ, ಸದಸ್ಯರೊಬ್ಬೊಬ್ಬರ ಕೀಲಿಯೂ ಬೇರೆ ಬೇರೆಯಾದರೂ ಎಲ್ಲವೂ ಅದನ್ನು ತೆರೆಯಬಲ್ಲವೆಂದೂ ಇಟ್ಟುಕೊಳ್ಳೋಣ. ಪೆಟ್ಟಿಗೆ ತೆರೆಯಿತೆಂದರೆ ಒಳಗೆ ಹೋದವನು ಸದಸ್ಯನೆಂಬುದು ಖಚಿತ. ಯಾವ ಸದಸ್ಯನೆಂಬುದು ತಿಳಿಯದು. ಪ್ರತಿ ಕೀಲಿಯೂ ಒಂದೊಂದು ಚುನಾವಣೆಗೆ ಒಂದೇ ಬಗೆಯ ಗೀರನ್ನು ಬಿಡುವುದಾದರೆ, ಒಬ್ಬನೇ ಎರಡು ಸಲ ಬಂದಾಗ ಅದೇ ಗೀರು ಎರಡು ಸಲ ಕಂಡು ಎರಡನೆಯ ಮತ ತಳ್ಳಲ್ಪಡುತ್ತದೆ. ಸದಸ್ಯತ್ವವನ್ನು ಒಂದು ಸಲ ಪರೀಕ್ಷಿಸಿ ಕೀಲಿ ಕೊಡುವಾಗ ಮಾತ್ರ ಗುರುತು ಬೇಕು. ಆಮೇಲೆ ಆ ಗುರುತು ಮತವನ್ನು ಹಿಂಬಾಲಿಸುವುದಿಲ್ಲ.

ಇದರ ಬೀಜ ನಮ್ಮ ಅಂಚೆಮತದಲ್ಲಿಯೇ ಇದೆ. ಸೈನಿಕನೊಬ್ಬ ಅಂಚೆಯಲ್ಲಿ ಮತ ಕಳುಹಿಸುವಾಗ ಚೀಟಿಯನ್ನು ಒಳಲಕೋಟೆಯಲ್ಲಿ ಮುಚ್ಚಿ, ತಾನು ಯಾರೆಂಬ ಘೋಷಣೆಯೊಡನೆ ಹೊರಲಕೋಟೆಯಲ್ಲಿಡುತ್ತಾನೆ. ಎಣಿಸುವವರು ಮೊದಲು ಘೋಷಣೆಯನ್ನು ಪರೀಕ್ಷಿಸಿ ಅದನ್ನು ಬೇರೆಯಿಟ್ಟು, ಆಮೇಲೆ ಒಳಲಕೋಟೆಗಳನ್ನು ಒಟ್ಟಿಗೆ ಸೇರಿಸಿ ತೆರೆಯುತ್ತಾರೆ. ಅರ್ಹತೆಯ ಪ್ರಶ್ನೆ ಬೇರೆ, ಆಯ್ಕೆಯ ಪ್ರಶ್ನೆ ಬೇರೆ. ಎರಡನ್ನೂ ಬೇರ್ಪಡಿಸಿ ನಡುವೆ ಕಲಸಬೇಕು. ಗಣಕಗಳ ಲೋಕದಲ್ಲಿ ಈ ಕಲಸುವಿಕೆಯನ್ನು 1981ರಲ್ಲಿ ವಿವರಿಸಿದವನು ಡೇವಿಡ್ ಚೌಮ್.

ಆದರೂ ಒಂದು ಕಷ್ಟ ಉಳಿಯುತ್ತದೆ. ತಾನು ಹೇಗೆ ಮತ ಕೊಟ್ಟೆನೆಂಬುದನ್ನು ಮತದಾರನೇ ಇನ್ನೊಬ್ಬನಿಗೆ ರುಜುವಾತುಪಡಿಸಬಲ್ಲನಾದರೆ, ಮತವನ್ನು ಕೊಳ್ಳುವವನು ಆ ರುಜುವಾತನ್ನೇ ರಸೀದಿಯಾಗಿ ಕೇಳುತ್ತಾನೆ. ಆದಕಾರಣ ಗುಟ್ಟನ್ನು ಹೇಳಬೇಕಾಗಿಲ್ಲವೆಂಬ ಸ್ವಾತಂತ್ರ್ಯವಷ್ಟೇ ಸಾಲದು. ಹೇಳಿದರೂ ಅದನ್ನು ಸಾಧಿಸಿ ತೋರಿಸಲು ಆಗಕೂಡದು. 2019ರಲ್ಲಿ ಇಥೀರಿಯಮ್ಮಿನ ವಿಟಾಲಿಕ್ ಬ್ಯುಟೆರಿನ್ ಸೂಚಿಸಿದ ‘ಮಾಸಿ’ ಎಂಬ ಕ್ರಮ — ನಮ್ಮ ಫತೇಗಂಜಿನ ವೃದ್ಧೆಯ ಕರೆಯ ಹೆಸರಿಗೂ ಇದಕ್ಕೂ ಧ್ವನಿ ಒಂದಾದದ್ದು ಆಕಸ್ಮಿಕ — ಇದಕ್ಕೆ ಪರಿಹಾರ ಹುಡುಕುತ್ತದೆ. ಮತಗಳೆಲ್ಲ ಬೀಗಮುದ್ರೆಯೊಳಗೆ ಬರುತ್ತವೆ. ಲಂಚ ಪಡೆದವನೂ ಗುಟ್ಟಾಗಿ ತನ್ನ ಕೀಲಿಯನ್ನು ಬದಲಾಯಿಸಿ ಹಿಂದಿನ ಮತವನ್ನು ನಿರರ್ಥಕಗೊಳಿಸಬಹುದು. ಕೊಂಡವನಿಗೆ ಕೊಂಡದ್ದು ದಕ್ಕಿತೋ ಇಲ್ಲವೋ ತಿಳಿಯದು. ಇದರಲ್ಲಿ ಎಣಿಸುವ ಸಂಯೋಜಕನು ಎಣಿಕೆಯನ್ನು ತಿರುಚಲಾರನು, ಏಕೆಂದರೆ ಅವನು ಲೆಕ್ಕ ಸರಿಯೆಂಬುದಕ್ಕೆ ಶೂನ್ಯಜ್ಞಾನ ಪ್ರಮಾಣವನ್ನು ಎಲ್ಲರೆದುರಿಗೆ ಕೊಡಬೇಕು; ಆದರೆ ಮತಗಳನ್ನು ಅವನೊಬ್ಬ ನೋಡಬಲ್ಲನು. ಗಣಿತ ಎಷ್ಟು ದೂರ ಕರೆದೊಯ್ದರೂ ಕೊನೆಗೆ ಪಕ್ಷಪಾತ, ದ್ವೇಷ, ಮೋಹ, ಭಯಗಳಿಲ್ಲದ ಆ ಶಲಾಕೆಯವನ ಬಳಿಗೇ ನಾವು ಬಂದು ನಿಲ್ಲುತ್ತೇವೆ.

ಸರ್ಕಾರಗಳೂ ಈ ದಾರಿಯಲ್ಲಿ ಹೆಜ್ಜೆಯಿಟ್ಟಿವೆ. 2010ರ ಅಕ್ಟೋಬರಿನಲ್ಲಿ ಅಹಮದಾಬಾದ್, ಸೂರತ್, ವಡೋದರ ಮೊದಲಾದ ಆರು ಮಹಾನಗರಪಾಲಿಕೆಗಳ ಚುನಾವಣೆಯಲ್ಲಿ ಗುಜರಾತಿನ ರಾಜ್ಯ ಚುನಾವಣಾ ಆಯೋಗ ಅಂತರ್ಜಾಲದ ಮೂಲಕ ಮತ ನೀಡುವ ಅವಕಾಶವನ್ನು ದೇಶದಲ್ಲಿಯೇ ಮೊದಲಾಗಿ ಕಲ್ಪಿಸಿತು. ಅದನ್ನು ಬಳಸಿಕೊಂಡವರು ಅತ್ಯಲ್ಪ. 2021ರ ಅಕ್ಟೋಬರಿನಲ್ಲಿ ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ ಬ್ಲಾಕ್‌ಚೈನಿನ ಆಧಾರದಿಂದ ಮೊಬೈಲಿನಲ್ಲಿ ಮತ ನೀಡುವ ಅಣಕು ಪ್ರಯೋಗ ನಡೆಯಿತು. ಇವುಗಳಿಗೆಲ್ಲ ತಪ್ಪದ ಒಂದು ಕೊರತೆಯಿದೆ: ಮತಗಟ್ಟೆಯ ಮೂಲೆಯಲ್ಲಿ ರಟ್ಟಿನ ಮರೆಯ ಹಿಂದೆ ಪ್ರಜೆಗೆ ದೊರೆಯುವ ಅರ್ಧ ನಿಮಿಷದ ಏಕಾಂತ ಮನೆಯೊಳಗಿನ ಮೊಬೈಲಿನಲ್ಲಿ ದೊರೆಯುವುದಿಲ್ಲ, ಸೊಸೆಯ ಹೆಗಲ ಮೇಲಿಂದ ಅತ್ತೆಯೂ, ಕೂಲಿಯವನ ಹೆಗಲ ಮೇಲಿಂದ ಮೇಸ್ತ್ರಿಯೂ ಇಣುಕಬಹುದು. 2005ರಿಂದ ಅಂತರ್ಜಾಲದ ಮತವನ್ನು ಬಳಸುತ್ತಿರುವ ಎಸ್ಟೋನಿಯ ದೇಶ ಇದನ್ನರಿತು, ಎಷ್ಟು ಸಲವಾದರೂ ಮತ್ತೆ ಮತ ನೀಡಬಹುದೆಂದೂ ಕೊನೆಯದು ಮಾತ್ರ ಎಣಿಕೆಗೆ ಬರುವುದೆಂದೂ, ಮತಗಟ್ಟೆಗೆ ಬಂದು ಕಾಗದದಲ್ಲಿ ಕೊಟ್ಟರೆ ಅದೇ ನಿಲ್ಲುವುದೆಂದೂ ನಿಯಮ ಮಾಡಿದೆ. ಹೆದರಿಸಿದವನು ಎದ್ದುಹೋದ ಮೇಲೆ ಪ್ರಜೆಗೆ ಮತ್ತೊಂದು ಅವಕಾಶವಿರಲೆಂಬ ಕರುಣೆ ಆ ನಿಯಮದಲ್ಲಿದೆ.

ಇಷ್ಟನ್ನೂ ಕೂಡಿಸಿ ನೋಡಿದರೆ ನನಗೆ ತೋರುವುದಿದು. ಎಣಿಕೆ ಎಲ್ಲರಿಗೂ ಕಾಣಬೇಕು, ಮತ ಯಾರಿಗೂ ಕಾಣಬಾರದು. ಪ್ರತಿನಿಧಿ ಲೆಕ್ಕ ಒಪ್ಪಿಸಬೇಕು, ಪ್ರಜೆ ಒಪ್ಪಿಸಬೇಕಾಗಿಲ್ಲ. ಮತಗಳು ಸಮನಾಗಿರಬೇಕು, ಸಮನಾದ ಹೊರತು ಮುಚ್ಚಿಟ್ಟರೂ ಮುಚ್ಚುವುದಿಲ್ಲ. ಹೊಸ ಸಂಸ್ಥೆಗಳನ್ನು ಕಟ್ಟುತ್ತಿರುವವರಲ್ಲಿ ನಮ್ಮ ಬೆಂಗಳೂರಿನ ತರುಣರೂ ಇದ್ದಾರೆ. ಬೀಗಮುದ್ರೆಯ ಗಣಿತವನ್ನು ಕಲಿಯುವ ಮುನ್ನ ಅವರು ಒಮ್ಮೆ ಕಣಗಿನಹಾಳಕ್ಕೆ ಹೋಗಿ, ಒಬ್ಬ ಸದಸ್ಯನಿಗೆ ಒಂದೇ ಮತವೆಂದು ಆ ರೈತರು ಏಕೆ ಒಪ್ಪಿಕೊಂಡರೆಂಬುದನ್ನು ಯೋಚಿಸಲಿ. ಇನ್ನು ನಮ್ಮ ನಮ್ಮ ಸೊಸೈಟಿಗಳ, ಕನ್ನಡ ಸಂಘಗಳ, ಮಹಿಳಾ ಮಂಡಲಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಮನಸ್ತಾಪಕ್ಕೆ ಎಡೆಯುಳ್ಳ ಪ್ರಶ್ನೆ ಬಂದಾಗ ವಾಟ್ಸಾಪ್ ಪೋಲನ್ನು ಬದಿಗಿಟ್ಟು, ಒಂದೇ ಅಳತೆಗೆ ಕತ್ತರಿಸಿದ ಚೀಟಿಗಳನ್ನೂ ಒಂದು ಖಾಲಿ ಡಬ್ಬವನ್ನೂ ಮೇಜಿನ ಮೇಲಿಟ್ಟು, ಎಲ್ಲರೆದುರಿಗೆ ಎಣಿಸಿರಿ. ಔಷಧದ ಖರ್ಚಿಗೆ ಬಾಡಿಗೆಯನ್ನು ನಂಬಿದ ಯಾವಾಕೆಯಾದರೂ ನಿಮ್ಮ ನಡುವೆ ಇದ್ದರೆ, ಆಕೆಯ ನಿಜವಾದ ಮತ ನಿಮಗೆ ಅಂದು ಮೊದಲ ಸಲ ದೊರೆಯುತ್ತದೆ.